ಒಂದು ಚೀಟಿ ಹೆಚ್ಚು

ಕಾಪುವಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆಯನ್ನೂ ಪೌರನೀತಿಯನ್ನೂ ಕಲಿಸುವ ಲಿಡ್ವಿನ್ ಟೀಚರಿಗೆ ಸತ್ತ ಸುಲ್ತಾನರೆಲ್ಲ ನೆರೆಮನೆಯವರಿದ್ದಂತೆ. "ತುಘಲಕ ದೌಲತಾಬಾದಿಗೆ ಹೊರಟನಲ್ಲ, ಅಡುಗೆ ಪಾತ್ರೆ ಕಟ್ಟಿದ್ದು ಯಾರು ಮಾರಾಯ್ತಿ?" ಎಂದು ಅವನ ಮೇಲೆ ನಿಜಕ್ಕೂ ಸಿಡುಕುತ್ತಾರೆ. ಪ್ರತಿ ಜೂನಿನಲ್ಲಿ ಒಂಬತ್ತನೇ ತರಗತಿಯ ಲೀಡರ್ ಆಯ್ಕೆಗೆ ಅವರೇ ಚುನಾವಣೆ ನಡೆಸುತ್ತಾರೆ. ಬಿಸ್ಕೆಟ್ ಡಬ್ಬಿಯೇ ಮತಪೆಟ್ಟಿಗೆ, ಬೆರಳಿಗೆ ಶಾಯಿ ಬೇಕೇ ಬೇಕು, ಮೊದಲೆಲ್ಲ ಹತ್ತು ಗಂಟೆ ಬಡಿದ ಕೂಡಲೇ ಬಾಗಿಲಿಗೆ ಚಿಲಕವೂ ಬೀಳುತ್ತಿತ್ತು. ಎಪ್ಪತ್ತೇಳನೇ ಇಸವಿಯಲ್ಲಿ ಇನ್ನಂಜೆಯಿಂದ ಮಳೆಯಲ್ಲಿ ನಡೆದು ಬಂದ ಅದೇ ತರಗತಿಯ ಗುಣವತಿ ಐದು ನಿಮಿಷ ತಡವಾಗಿ ಬಾಗಿಲು ತಟ್ಟಿದಳು. "ಕಾನೂನು ಅಂದರೆ ಕಾನೂನು" ಎಂದ ಟೀಚರ್ ತೆರೆಯಲಿಲ್ಲ. ಅಳುತ್ತಾ ಮನೆಗೆ ಹೊರಟವಳನ್ನು ದಾರಿಯಲ್ಲಿ ಉಕ್ಕಿ ಹರಿಯುತ್ತಿದ್ದ ತೋಡಿನ ನೀರು ಕೊಂಡೊಯ್ದಿತು. ಅಂದಿನಿಂದ ಪ್ರತಿ ವರ್ಷವೂ ಹಾಜರಿಗಿಂತ ಒಂದು ಚೀಟಿ ಹೆಚ್ಚಾಗಿ ಸಿಗುತ್ತದೆ, ಅದೊಂದು ಮಾತ್ರ ಒದ್ದೆಯಾಗಿರುತ್ತದೆ. "ಇದು ಯಾರದ್ದು ಟೀಚರ್?" ಎಂದು ಹುಡುಗಿಯರು ಬೆದರಿ ಕೇಳಿದರೆ, "ಮತದಾನ ಗುಪ್ತ ಅಲ್ವಾ? ಕೇಳಬಾರದು" ಎನ್ನುತ್ತಾ ಅದನ್ನು ಸೆರಗಿನಲ್ಲಿ ಒತ್ತಿ ಒರೆಸಿ, ಉಳಿದವುಗಳ ಜೊತೆಗೇ ಎಣಿಸುತ್ತಾರೆ. ಈಗ ಆ ದಿನ ಬಾಗಿಲು ಸಂಜೆಯವರೆಗೂ ತೆರೆದೇ ಇರುತ್ತದೆ. ಕೊನೆಯ ಹುಡುಗಿಯ ಬೆರಳಿಗೆ ಹಚ್ಚಿ ಮುಗಿದ ಮೇಲೆ ಟೀಚರ್ ಶಾಯಿಯ ಕಡ್ಡಿಯನ್ನು ಮತ್ತೊಮ್ಮೆ ಅದ್ದಿ, ಖಾಲಿ ಹೊಸ್ತಿಲಿನತ್ತ ಚಾಚಿ, ತುಸು ಹೊತ್ತು ಹಿಡಿದಿರುತ್ತಾರೆ. ಕಡ್ಡಿ ಹಿಂದಕ್ಕೆ ಬಂದಾಗ ಅದರಲ್ಲಿ ಶಾಯಿ ಇರುವುದಿಲ್ಲ.