ಪಂಪಿನ ಮಿಸ್ತ್ರಿ ಹಾಕದ ಸಹಿ

ಆ ಮಿಸ್ತ್ರಿಯ ಪರ ನಿಂತದ್ದಕ್ಕೆ ನನ್ನ ಕೈಯಿಂದ ಒಂದು ಸರ್ಕಾರಿ ಗುತ್ತಿಗೆ ಹೋಯಿತು. ಹೋಗಲಿ, ಅಗ್ಗದಲ್ಲೇ ಮುಗಿಯಿತು.

ಎಪ್ಪತ್ತರ ದಶಕದ ಯರಗಟ್ಟಿಯಲ್ಲಿ ನನ್ನದು ಪೈಪಿನ ಅಂಗಡಿ. ಅವರದು ಕೈಪಂಪು ರಿಪೇರಿ. ಹಿಂದೆ ಸೈನ್ಯದಲ್ಲಿದ್ದು, ವಿಶ್ವಸಂಸ್ಥೆಯ ಶಾಂತಿಪಡೆಯೊಂದಿಗೆ ಆಫ್ರಿಕಾಕ್ಕೆ ಹೋಗಿಬಂದವರು. ಯಾವ ಪಂಪು ಕಂಡರೂ ಬೆರಳಿನಿಂದ ತಟ್ಟಿ, “ಇದರ ಸ್ಪೇರ್ ಸಾಮಾನು ಎಲ್ಲಿ ಅದಾವ್ರಿ?” ಎನ್ನುತ್ತಿದ್ದರು.

ನೀರಿಲ್ಲದ ಅವರ ಓಣಿಗೆ ಪರದೇಶದ ದಾನದ ಪಂಪು ಬಂತು. ‘ಎಲ್ಲ ಸರಿಯಾಗಿ ಮುಟ್ಟಿತು’ ಎಂದು ಓಣಿಯ ಪರವಾಗಿ ಸಹಿ ಹಾಕಲು, ಪಂಪು ತಂದ ಸರ್ಕಾರಿ ಸಾಹೇಬರು ಮಿಸ್ತ್ರಿಗೆ ಹೇಳಿದರು. ಮಿಸ್ತ್ರಿ ಪೆಟ್ಟಿಗೆ ತಡಕಿದರು. ಹೆಚ್ಚಿನ ಒಂದು ಚರ್ಮದ ವಾಶರೂ ಇರಲಿಲ್ಲ.

“ಸಾಹೇಬ್ರ, ಆಫ್ರಿಕಾದಾಗ ಪರದೇಶದಾವ್ರು ಬಂದೂಕ ಕಳಿಸಿದ್ರ ಗುಂಡು, ಎಣ್ಣಿ, ಕಲಿಸೋ ಮಾಸ್ತರ ಸುದ್ದಾ ಬರತಿದ್ರು. ಪಂಪು ಮಾತ್ರ ಒಂಟಿ ಬರತಿತ್ತು. ವಾಶರ್ ಹರೀತು, ಹೆಣ್ಮಕ್ಕಳು ಮತ್ತ ಹಳ್ಳದ ದಾರಿ ಹಿಡದ್ರು.”

“ದಾನದ ಆಕಳ ಹಲ್ಲು ಎಣಸ್ತಿ ಏನೋ?”

“ಎಣಸ್ತೇನ್ರಿ. ಸಾಕಾವ್ರು ನಾವ ಅಲ್ಲೇನ್ರಿ?”

ಅವರು ಸಹಿ ಹಾಕಲಿಲ್ಲ. ಸಾಕ್ಷಿಗೆ ಕರೆದಿದ್ದ ನಾನೂ ಹಾಕಲಿಲ್ಲ. ನಾಲ್ಕನೆಯ ದಿನ ಸಾಹೇಬರ ಜೀಪು ವಾಶರಿನ ಡಬ್ಬಿ ಹೊತ್ತು ಬಂತು.

ನೀವೂ ಅಷ್ಟೇ. ಯಾರೇ ಯಂತ್ರ ಕೊಡಲಿ, ಹಾರ ಹಾಕುವ ಮೊದಲು, ಅದು ಕೆಟ್ಟ ದಿನ ಯಾರು ಬರುತ್ತಾರೆಂದು ಕೇಳಿ ಬರೆಸಿಕೊಳ್ಳಿ. ಬೈದರೆ ಬೈಸಿಕೊಳ್ಳಿ, ಅಲ್ಲಿಯವರೆಗೆ ಪೆನ್ನು ಮಾತ್ರ ತೆಗೆಯಬೇಡಿ.