ನನ್ನ ತಲೆ ಮುಟ್ಟಿ ಮಾಡಿದ ಆಣೆ

ನನ್ನ ತಲೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮದುವೆಯ ದಿನ ಹಿರಿಯರು ಆಶೀರ್ವಾದಕ್ಕೆ ಕೈ ಎತ್ತಿದಾಗಲೂ ಕತ್ತು ಓರೆ ಮಾಡಿದವಳು ನಾನು. ತಲೆಗೆ ಎಣ್ಣೆ ನಾನೇ ಹಚ್ಚಿಕೊಳ್ಳುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯ ಹೆಂಗಸರು ಇದನ್ನು ಸೊಕ್ಕು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಸೊಕ್ಕೂ ಒಂದಿಷ್ಟು ಇದೆ.

ನಿಜವಾದ ಕಾರಣ ಕೊಟ್ಟೂರಿನದು. ಅಪ್ಪ ಅಲ್ಲಿ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಮೋಟಾರು ಬಿಚ್ಚಿ, ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಚ್ಚಿ ಒಣಗಿಸಿ ಕೊಟ್ಟರೆ ವರ್ಷಗಟ್ಟಲೆ ಅದು ತಕರಾರು ಮಾಡುತ್ತಿರಲಿಲ್ಲ. ಕೈ ಅಂದರೆ ಕೈ ಅವನದು. ಆದರೆ ಸಂಜೆಯಾದರೆ ಆ ಕೈ ಬಾಟಲಿ ಹುಡುಕುತ್ತಿತ್ತು, ಬೆಳಿಗ್ಗೆ ಚಹಾದ ಕಪ್ಪು ಹಿಡಿಯಲಾಗದೆ ನಡುಗುತ್ತಿತ್ತು. ವಾರ್ನಿಶ್ ವಾಸನೆ ಯಾವುದು, ಕುಡಿದ ವಾಸನೆ ಯಾವುದು ಎಂದು ಬಾಗಿಲಲ್ಲೇ ಗುರುತಿಸುವುದನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ.

ನನಗಾಗ ಒಂಬತ್ತು ವರ್ಷ. ಒಂದು ಸೋಮವಾರ ಅಪ್ಪ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದ. ಅವ್ವ ನನ್ನನ್ನು ದೇವರ ಜಗಲಿಯ ಮುಂದೆ ಕೂರಿಸಿ, ಅವನ ಕೈ ಎಳೆದು ನನ್ನ ನೆತ್ತಿಯ ಮೇಲೆ ಇಟ್ಟಳು.

“ಹೇಳ್ರಿ, ಇನ್ನ ಮುಟ್ಟಂಗಿಲ್ಲ ಅಂತ. ಈಕಿ ತಲಿ ಮುಟ್ಟಿ ಹೇಳ್ರಿ.”

“ಮುಟ್ಟಂಗಿಲ್ಲ,” ಅಂದ ಅಪ್ಪ. “ಈ ಕೂಸಿನ ಆಣಿಗೂ ಮುಟ್ಟಂಗಿಲ್ಲ.”

ದೇವರ ಮೇಲೆ, ಅನ್ನದ ಮೇಲೆ ಆಣೆಗಳು ಆಗಿಹೋಗಿದ್ದವು. ಮಗಳ ತಲೆಯೊಂದು ಬಾಕಿ ಇತ್ತು. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಬಾಗಿಲಿಗೆ ಬಂದದ್ದು ವಾರ್ನಿಶ್ ವಾಸನೆಯಲ್ಲ.

ಆಣೆಯ ಕಾನೂನು ನಮ್ಮ ಕಡೆ ಎಲ್ಲರಿಗೂ ಗೊತ್ತು. ತಪ್ಪಿದವನಿಗೆ ಏನೂ ಆಗುವುದಿಲ್ಲ. ಯಾರ ತಲೆ ಮುಟ್ಟಿದ್ದನೋ ಅವರಿಗೆ ತಟ್ಟುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಸಾಯಲು ಕಾದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತು ಕಾದೆ, ಲೆಕ್ಕದ ಪೀರಿಯಡ್ಡಿನಲ್ಲಿ ಕೂತು ಕಾದೆ. ತಿಂಗಳ ಮೇಲೆ ಚಳಿಜ್ವರ ಬಂತು. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾ, “ಅವನ ಆಣಿ ಈ ಕೂಸಿಗೆ ಬಡೀತು ನೋಡು” ಎಂದು ಗೊಣಗಿದಳು.

ಜ್ವರ ಗುಳಿಗೆಗೆ ಇಳಿಯಿತು. ತಲೆಯೊಳಗೆ ಕೂತ ಮಾತು ಇಳಿಯಲಿಲ್ಲ. ಕುಡಿದರೆ ನಾನು ಸಾಯುತ್ತೇನೆಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿದ. ಅಂದಮೇಲೆ ನನ್ನ ತಲೆ ಅವನಿಗೆ ಒಂದು ಕ್ವಾರ್ಟರ್ ಬಾಟಲಿಗಿಂತ ಕಡೆ. ಡಿಗ್ರಿ ಓದಿ, ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ, ಸಂಬಳ ಎಣಿಸುವ ಕಾಲಕ್ಕೂ ನಾನು ಇದನ್ನೇ ನಂಬಿದ್ದೆ.

ಇನ್ನೆರಡು ಸಲ ಆಣೆಯಾಯಿತು, ಎರಡೂ ಮುರಿದವು. ನಾಲ್ಕನೆಯ ಸಲ ನನಗೆ ಹದಿಮೂರು. ಅವ್ವ ಕೈ ಎಳೆದಾಗ ಅಪ್ಪ ಕೊಸರಿಕೊಂಡ. “ಬ್ಯಾಡ. ಕೂಸಿನ ತಲಿ ಮ್ಯಾಲ ಬ್ಯಾಡ” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ. ಅವ್ವ ಗೋಡೆಗೆ ಹಣೆ ಚಚ್ಚಿಕೊಂಡಳು. ನನಗಾಗಿ ಒಂದು ಸುಳ್ಳು ಆಣೆ ಮಾಡುವಷ್ಟೂ ಪ್ರೀತಿ ಇವನಲ್ಲಿ ಉಳಿದಿಲ್ಲ ಅಂದುಕೊಂಡೆ. ಅವನನ್ನು ಅತಿ ಹೆಚ್ಚು ದ್ವೇಷಿಸಿದ್ದು ಅವತ್ತು. ನನ್ನ ಮದುವೆಯಾದ ಮೂರನೆಯ ವರ್ಷ ಅವನು ಲಿವರ್ ಕೆಟ್ಟು ಸತ್ತ.

ನಮ್ಮ ಮನೆಯವರು ಕುಡಿಯುವುದಿಲ್ಲ. ಆದರೂ ಮೊದಲ ವರ್ಷವಿಡೀ ಅವರು ಒಳಗೆ ಬಂದ ಕೂಡಲೇ ಉಸಿರು ಮೂಸಿದ್ದೇನೆ, ಪುಣ್ಯಾತ್ಮ ಸಹಿಸಿಕೊಂಡರು. ನನ್ನದು ಕುಡಿತವಲ್ಲ, ಸಿಟ್ಟು. ಮಗಳು ಹುಟ್ಟಿದ ಮೇಲೆ ಅದು ಹೆಚ್ಚಾಯಿತು. ಹಾಗಾಗಿ ದಿನಾ ಬೆಳಿಗ್ಗೆ ಸ್ನಾನ ಮಾಡಿ, ನನ್ನ ಕೈ ನನ್ನದೇ ನೆತ್ತಿಯ ಮೇಲಿಟ್ಟು, ಇವತ್ತು ಕೂಗಾಡುವುದಿಲ್ಲ ಎಂದು ಆಣೆ ಮಾಡುತ್ತಿದ್ದೆ. ಅವಳ ಟಿಫಿನ್ ಡಬ್ಬಿ ಕಟ್ಟುವಷ್ಟರಲ್ಲಿ ಅದು ಮುರಿಯುತ್ತಿತ್ತು. ಮುರಿದ ದಿನ ನನಗೆ ನಾನೇ ಊಟ ಕೊಡುತ್ತಿರಲಿಲ್ಲ. ಆಣೆ ಮಾಡುವವಳೂ ನಾನೇ, ತಟ್ಟಿಸಿಕೊಳ್ಳುವವಳೂ ನಾನೇ. ಕೇಳಿದವರಿಗೆ ಉಪವಾಸ ಎನ್ನುತ್ತಿದ್ದೆ. “ನಿನ್ನ ದೇವರಿಗೆ ವಾರಕ್ಕ ನಾಕು ಸೋಮವಾರ ಅದಾವೇನು?” ಎಂದು ಮನೆಯವರು ನಗುತ್ತಿದ್ದರು.

ಹೋದ ವರ್ಷ ಒಂದು ಭಾನುವಾರ, ಒಂಬತ್ತನೆಯ ಕ್ಲಾಸಿನ ಮಗಳು ಹಾಲು ಉಕ್ಕಿಸಿದಳು. ನಾನು ಓಣಿಗೆಲ್ಲ ಕೇಳುವಂತೆ ಬೈದೆ. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ನನಗೆ ಇವತ್ತು ಉಪವಾಸ ಅಂದೆ.

“ಮಮ್ಮಿ, ನಿನ್ನ ಉಪವಾಸ ನನಗ ಗೊತ್ತೈತಿ,” ಅಂದಳು. “ನನಗ ಬೈದ ದಿನಾನ ಬರ್ತೈತಿ ಅದು. ನಾನು ತಪ್ಪು ಮಾಡೋದು, ನೀನು ಊಟ ಬಿಡೋದು. ನನಗ ತುತ್ತು ಇಳಿಯಂಗಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದು ತನ್ನ ತಲೆಯ ಕಡೆ ಎಳೆದಳು. “ಇನ್ನ ಊಟ ಬಿಡಂಗಿಲ್ಲ ಅಂತ ನನ್ನ ತಲಿ ಮುಟ್ಟಿ ಆಣಿ ಮಾಡು.”

ಬಿಸಿ ಹಂಚು ಮುಟ್ಟಿದವಳ ಹಾಗೆ ಕೊಸರಿಕೊಂಡೆ. “ಬ್ಯಾಡ,” ಅಂದೆ. “ನಿನ್ನ ತಲಿ ಮ್ಯಾಲ ಬ್ಯಾಡ.”

ಅಂದವಳು ಅಲ್ಲೇ ನೆಲಕ್ಕೆ ಕೂತೆ. ಆ ಆಣೆಯನ್ನು ನಾನು ಮುರಿದೇ ಮುರಿಯುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಹಾಗಂತ ಈ ಹುಡುಗಿಯ ತಲೆ ನನಗೆ ಅಗ್ಗವೇ? ಅದಕ್ಕಿಂತ ದೊಡ್ಡದು ನನಗೆ ಏನೂ ಇಲ್ಲ. ಅದಕ್ಕೇ ಕೈ ಹಿಂದೆ ಬಂತು. ಅಪ್ಪನ ಕೈಯೂ ಅವತ್ತು ಹಾಗೇ ಹಿಂದೆ ಹೋಗಿತ್ತು. ತನ್ನಿಂದ ಆಗುವುದಿಲ್ಲವೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ನನ್ನನ್ನು ಆಣೆಯೊಳಗಿಂದ ಬಿಡಿಸಿ ಹೋದ. ಅವನು ಕುಡಿದದ್ದಕ್ಕೂ ನನ್ನ ತಲೆಯ ಬೆಲೆಗೂ ಸಂಬಂಧವೇ ಇರಲಿಲ್ಲ.

ಇಷ್ಟರಿಂದ ಅಪ್ಪ ಒಳ್ಳೆಯವನಾಗಲಿಲ್ಲ. ಅವ್ವ ಅತ್ತದ್ದು ಅತ್ತದ್ದೇ. ಅವನನ್ನು ಕರೆದುಕೊಂಡು ಹೋಗಬೇಕಾಗಿದ್ದದ್ದು ಡಾಕ್ಟರ ಹತ್ತಿರ, ನಾವು ಆಣೆಯನ್ನು ನೆಚ್ಚಿ ಕೂತೆವು. ಆದರೆ ಲೆಕ್ಕದ ಪೀರಿಯಡ್ಡಿನಲ್ಲಿ ಸಾವಿಗೆ ಕಾಯುತ್ತಾ ಕೂತಿದ್ದ ಆ ಹುಡುಗಿ ಕಣ್ಣ ಮುಂದೆ ಬಂದಳು. ಪಾಪ ಅನಿಸಿತು. ನನ್ನನ್ನು ನೆನೆದು ನನಗೇ ಪಾಪ ಅನಿಸಿದ್ದು ಅದೇ ಮೊದಲು. ಮಗಳ ಮುಂದೆಯೇ ಅತ್ತೆ, ಅತ್ತು ಎಲ್ಲವನ್ನೂ ಅವಳಿಗೆ ಹೇಳಿದೆ.

“ಆಣಿ ಬ್ಯಾಡ,” ಅಂದೆ ಕೊನೆಗೆ. “ಕೂಗಾಡದಂಗ ಇರಾಕ ನೋಡ್ತೀನಿ.”

“ತಪ್ಪಿದ್ರ?”

“ತಪ್ಪಿದ್ರ, ತಪ್ಪಾತು ಅಂತೀನಿ. ಆಮ್ಯಾಲ ಉಣ್ತೀನಿ.”

“ಎರಡು ರೊಟ್ಟಿ ಉಣ್ಣಬೇಕು” ಅಂದಳು. ಆಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ತಂದು, “ಕುಂದ್ರು” ಎಂದು ನನ್ನ ಹಿಂದೆ ಕೂತಳು. ಕತ್ತು ತನ್ನಷ್ಟಕ್ಕೆ ಓರೆಯಾಯಿತು. ಅವಳು ಅವಸರ ಮಾಡಲಿಲ್ಲ. ನಾನು ಕತ್ತು ನೆಟ್ಟಗೆ ಮಾಡುವ ತನಕ ಅಂಗೈಯಲ್ಲಿ ಎಣ್ಣೆ ಹಿಡಿದುಕೊಂಡೇ ಕಾದಳು.

ಆ ಗುರುವಾರವೇ ಮಾತು ತಪ್ಪಿದೆ. ಬಸ್ ಪಾಸ್ ಕಳೆದುಕೊಂಡು ಬಂದಿದ್ದಳು. ಮೂರು ತಲೆಮಾರು ಎಳೆದು ಬೈದೆ. ಬೈದಾದ ಮೇಲೆ ಹಳೆಯ ಅಭ್ಯಾಸ ಊಟ ಬಿಡು ಅಂದಿತು. ಅಡುಗೆಮನೆಯಲ್ಲಿ ಒಂದು ಗಳಿಗೆ ನಿಂತಿದ್ದೆ. ಆಮೇಲೆ ಹೊರಗೆ ಹೋಗಿ, “ತಪ್ಪಾತವ್ವ” ಅಂದೆ.

ಅವಳು ತಟ್ಟೆ ತಂದು ಎರಡು ರೊಟ್ಟಿ ಹಾಕಿ, ಪಲ್ಯ ಬಡಿಸಿ, ನನ್ನ ಎದುರಿಗೆ ಕೂತಳು. ಮೊದಲ ತುತ್ತು ಮುರಿದೆ. ನೀರು ಕುಡಿದೆ. ಎರಡೂ ರೊಟ್ಟಿ ಉಂಡೆ. ಯಾರಿಗೂ ಏನೂ ತಟ್ಟಲಿಲ್ಲ.