ಹುಳಕ್ಕೂ ಜಾಗ ಬಿಡುವ ಕುರಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುರಿ ಸಾಕಣೆ ಕೇಂದ್ರದ ಕೊಟ್ಟಿಗೆಯಲ್ಲಿ, ಎಲ್ಲರೂ ಕುರಿಯಕ್ಕ ಎಂದು ಕರೆಯುವ ಹೆಂಗಸು ತುಂಬುಗಬ್ಬದ ಕುರಿಯೊಂದರ ಮುಂದೆ ಮಂಡಿಯೂರಿ ಕೂತಿದ್ದಾರೆ. ಅದರ ತಲೆ ಅಲುಗದಂತೆ ಅವರ ತಂಗಿ ಹಿಡಿದಿದ್ದಾಳೆ. ಅಕ್ಕ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು, ಒಳಗಿನ ಬಣ್ಣ ನೋಡಿ ಬಿಡುತ್ತಾರೆ. ಮತ್ತೆ ಎಳೆಯುತ್ತಾರೆ.

“ಕೆಂಪಗೇ ಇದ್ಯಲ್ಲಕ್ಕ. ಬಿಡು.”

“ಈ ಹೊತ್ತಲ್ಲಿ ಗೋಡೆನೂ ಕೆಂಪಗೇ ಇರುತ್ತೆ ಕಣೆ. ಬಿಸಿಲು ಬೆಳ್ಳಗಾಗ್ಲಿ, ತಾಳು.”

ನಿನ್ನೆ ಮೇಯಲು ಬಿಡುವ ಅವಸರದಲ್ಲಿ ಇದೇ ಕೆಂಬೆಳಕಿನಲ್ಲಿ ನೋಡಿ, ರಕ್ತ ಸಾಕಷ್ಟಿದೆ ಎಂದು ಈ ಕುರಿಗೆ ಔಷಧಿ ಕೊಡದೆ ಕಳಿಸಿದ್ದರು. ಸಂಜೆ ಅದು ಮೇವಿಗೆ ಮೂತಿಯನ್ನೇ ಹಾಕಲಿಲ್ಲ. ಅದಕ್ಕೇ ಅಕ್ಕ ಇವತ್ತು ಮತ್ತೆ ನೋಡುತ್ತಿದ್ದಾರೆ.

ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳವೊಂದಿದೆ. ರಕ್ತ ಇಳಿದಂತೆಲ್ಲ ರೆಪ್ಪೆಯ ಒಳಬದಿ ಬಿಳಿಚಿಕೊಳ್ಳುತ್ತದೆ. ಹಾಗೆ ಬಿಳಿಚಿಕೊಂಡ ಕುರಿಗೆ ಮಾತ್ರ ಔಷಧಿ ಕುಡಿಸಿ, ಉಳಿದವುಗಳ ಹುಳವನ್ನು ಬೇಕೆಂದೇ ಬಿಟ್ಟುಬಿಡುವುದು ಇವರ ಕೆಲಸ. ಮನೆಯಲ್ಲಿ ಗಂಡ ಛೇಡಿಸುತ್ತಾರಂತೆ: “ಹುಳ ಸಾಕಿ ಸಂಬಳ ತಗೊಳ್ಳೋಳು ಊರಿಗೆಲ್ಲ ನೀನೊಬ್ಬಳೇ.”

ಹಿಂದೆ ಇಡೀ ಹಿಂಡಿಗೇ ಕುಡಿಸುತ್ತಿದ್ದರು. ಪ್ರತಿ ಸಲವೂ ಔಷಧಿಗೆ ಬಗ್ಗದ ನಾಲ್ಕಾರು ಹುಳ ಉಳಿದವು. ಸಂತಾನ ಬೆಳೆಸಿದ್ದು ಅವೇ. ಕೆಲವೇ ವರ್ಷಗಳಲ್ಲಿ ಆ ಔಷಧಿ ನೀರಿಗೆ ಸಮವಾಯಿತು. ಆಗ ಸತ್ತ ಮರಿಗಳನ್ನು ಹೊತ್ತು ಹೂತವರು ಕುರಿಯಕ್ಕನೇ. ಈಗ ಕೈಯಲ್ಲಿರುವುದು ಹುಳಕ್ಕೆ ಇನ್ನೂ ನಾಟುವ ಕೊನೆಯ ಔಷಧಿ. ಅದರ ರುಚಿಯೇ ನೋಡದ ಹುಳಗಳು ಹಿಂಡಿನಲ್ಲಿ ಹೆಚ್ಚಿದ್ದರೆ, ಔಷಧಿಗೆ ಬಗ್ಗದ ಮೊಂಡು ಹುಳಗಳು ಅವುಗಳೊಡನೆ ಕೂಡಿ, ಹುಟ್ಟುವ ಮರಿಹುಳಗಳಲ್ಲಿ ಆ ಮೊಂಡುತನ ತೆಳುವಾಗುತ್ತದೆ.

ಇಲ್ಲಿನ ಗಿಡ್ಡ ಕುರಿಗಳಿಗೂ ಈ ಹುಳಕ್ಕೂ ಸಾವಿರಾರು ತಲೆಮಾರಿನ ಒಡನಾಟ. ತಾಳಲಾರದವು ಎಂದೋ ಸತ್ತು, ತಾಳಿಕೊಂಡವುಗಳ ಸಂತತಿ ಉಳಿದಿದೆ. ಉಣ್ಣೆಗೆಂದು ತಂದ ದೊಡ್ಡ ಕುರಿಗಳು ಹುಳವೇ ಅಪರೂಪವಾದ ಚಳಿನಾಡಿನವು. “ಇವಕ್ಕೆ ಹುಳ ಅಂದ್ರೆ ಹೊಸ ನೆಂಟ. ಹೇಗೆ ಸುಧಾರಿಸ್ಬೇಕು ಅಂತ ಗೊತ್ತಿಲ್ಲ, ಪಾಪ,” ಎನ್ನುತ್ತಾರೆ ಅಕ್ಕ. ಎದುರಿಗಿರುವ ಗಬ್ಬದ ಕುರಿಯೂ ಅಂಥದ್ದೇ.

ಬಿಸಿಲು ಕಿಟಕಿ ದಾಟಿ ಒಳಗೆ ಬರುತ್ತದೆ. ಅಕ್ಕ ಮತ್ತೊಮ್ಮೆ ರೆಪ್ಪೆ ಎಳೆಯುತ್ತಾರೆ. ಕಾಗದದಂತೆ ಬಿಳಿ.

“ಅಯ್ಯೋ, ಅಕ್ಕಾ!”

“ಬಾಯಿ ಬಿಡಿಸು, ಬೇಗ.”

ಅಕ್ಕ ಒಂದು ಹನಿಯೂ ಚೆಲ್ಲದಂತೆ ಔಷಧಿ ಕುಡಿಸುತ್ತಾರೆ.

“ಉಳ್ಕೊಳ್ಳುತ್ತಾ?” ತಂಗಿಯ ದನಿ ಸಣ್ಣಗಾಗಿದೆ.

“ಔಷಧಿ ಇನ್ನೂ ಔಷಧಿಯಾಗೇ ಇದ್ರೆ ಉಳ್ಕೊಳ್ಳುತ್ತೆ. ಇಷ್ಟು ವರ್ಷ ಮಿಕ್ಕವಕ್ಕೆ ಕೊಡದೆ ಕೈ ಕಟ್ಕೊಂಡು ಕೂತಿದ್ದು ಇಂಥದೊಂದು ಬೆಳಗಿಗೇ ತಾನೆ?”

ಕುರಿಯ ಹೊಟ್ಟೆಯ ಮೇಲೆ ಅಂಗೈ ಇಡುತ್ತಾರೆ. ಒಳಗೆ ಮರಿ ಒದೆಯುತ್ತದೆ. ಆಮೇಲೆ ಪಕ್ಕದ ಗಿಡ್ಡ ಕುರಿಯನ್ನು ಹತ್ತಿರಕ್ಕೆಳೆದು ರೆಪ್ಪೆ ನೋಡುತ್ತಾರೆ. ಈ ಬಿಸಿಲಲ್ಲೂ ಕೆಂಪು. ಔಷಧಿ ಕುಡಿಸದೆ, ಬೆನ್ನು ತಟ್ಟಿ ಬಿಡುತ್ತಾರೆ:

“ಹೋಗೇ. ನಿನ್ನ ಹುಳ ಇವಳಿಗೆ ಬೇಕು.”